ಐಪಿ ನಂಬರ್ ನೋಡಿ ಯಾರ ಹೆಸರನ್ನೂ ಹೇಳಬೇಡಿ
ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಸೈಬರ್ ಸೆಂಟರ್, ಗ್ರಾಮ ಒನ್, ಜೆರಾಕ್ಸ್ ಅಂಗಡಿ ನಡೆಸುವವರಿಗೆ ಒಂದು ಬಹಿರಂಗ ಪತ್ರ



ಬೆಳಿಗ್ಗೆ ಶಟರ್ ಎತ್ತಿದಾಗಿನಿಂದ ರಾತ್ರಿ ಇಳಿಸುವ ತನಕ ನಮ್ಮ ಅಂಗಡಿಗಳಿಗೆ ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಅನ್ನುವುದನ್ನು ನಿಮಗೆ ಹೇಳಬೇಕಾಗಿಲ್ಲ. ಪಹಣಿ ಬೇಕು, ಜಾತಿ-ಆದಾಯ ಬೇಕು, ಮಗಳ ಸ್ಕಾಲರ್‌ಶಿಪ್ ಅರ್ಜಿ ಇವತ್ತೇ ಕೊನೇ ದಿನ, ಆಧಾರ್‌ಗೆ ಮೊಬೈಲ್ ನಂಬರ್ ಸೇರಿಲ್ಲ. ಇಷ್ಟರ ನಡುವೆ ತಿಂಗಳಿಗೊಬ್ಬರೋ ಇಬ್ಬರೋ ಬೇರೆ ಥರದ ಕೆಲಸ ಹಿಡಿದುಕೊಂಡು ಬರುತ್ತಾರೆ. ಉಳಿದವರೆಲ್ಲ ಹೋಗಲಿ ಅಂತ ಮೂಲೆಯಲ್ಲಿ ಕಾಯುತ್ತಾರೆ. ಆಮೇಲೆ ಫೋನ್ ಮುಂದೆ ಚಾಚಿ, ದನಿ ತಗ್ಗಿಸಿ, “ಇದು ಯಾರು ಮಾಡಿದ್ದು ಅಂತ ನೋಡಿ ಹೇಳಣ್ಣ, ಐಪಿ ಅಡ್ರೆಸ್ ಹಾಕಿದ್ರೆ ಗೊತ್ತಾಯ್ತದಂತಲ್ಲ” ಅನ್ನುತ್ತಾರೆ. ಮಗಳ ಹೆಸರಿನಲ್ಲಿ ಯಾರೋ ಫೇಕ್ ಅಕೌಂಟ್ ತೆರೆದಿರುತ್ತಾರೆ. ತಂದೆಯ ಖಾತೆಯಿಂದ ದುಡ್ಡು ಹೋಗಿರುತ್ತದೆ. ಇಲ್ಲವೇ ಹೆಸರಿಲ್ಲದ ಬೆದರಿಕೆ ಮೇಲ್ ಬಂದಿರುತ್ತದೆ.

ನಮಗೂ ಆ ಹೊತ್ತಿಗೆ ಕೈ ಸುಮ್ಮನಿರುವುದಿಲ್ಲ. ಐಪಿ ಲುಕಪ್ ಮಾಡುವ ಜಾಲತಾಣ ಒಂದೆರಡು ಎಲ್ಲರಿಗೂ ಗೊತ್ತು. ನಂಬರ್ ಹಾಕಿದರೆ ಅರೆಗಳಿಗೆಯಲ್ಲಿ ನಕಾಶೆ ಬಂದು, ಅದರ ಮೇಲೆ ಕೆಂಪು ಪಿನ್ ನಿಲ್ಲುತ್ತದೆ. ಆ ಪಿನ್ ಬಗ್ಗೆಯೇ ಈ ಪತ್ರ. ಅದನ್ನು ನಂಬಿ ನಾನೊಂದು ಮಾತು ಆಡಿಬಿಟ್ಟೆ, ಒಬ್ಬ ಹುಡುಗನ ಕೆಲಸ ಹೋಯಿತು.

ಗುಂಡ್ಲುಪೇಟೆಯ ಹೂವಿನ ವ್ಯಾಪಾರಿಯೊಬ್ಬರು ನನ್ನ ಅಂಗಡಿಗೆ ಬಂದಿದ್ದರು. ನಮ್ಮ ತಾಲ್ಲೂಕಿನ ಚೆಂಡು ಹೂವು ಓಣಂ ಹೊತ್ತಿಗೆ ಕೇರಳಕ್ಕೆ ಹೇಗೆ ಹೋಗುತ್ತದೆ ಅನ್ನುವುದು ನಿಮಗೇ ಗೊತ್ತಿದೆ. ಈ ಯಜಮಾನರು ಅಲ್ಲಿನ ಪಾರ್ಟಿಗಳಿಗೆ ರೇಟು, ಬಿಲ್ಲು ಎಲ್ಲ ಮೇಲ್‌ನಲ್ಲೇ ಕಳಿಸುವವರು. ತಮ್ಮ ರೇಟು ಇನ್ನೊಬ್ಬ ವ್ಯಾಪಾರಿಗೆ ಮೊದಲೇ ತಿಳಿಯುತ್ತಿದೆ, ಯಾರೋ ತಮ್ಮ ಮೇಲ್ ಓದುತ್ತಿದ್ದಾರೆ ಅನ್ನುವುದು ಅವರ ಅನುಮಾನ. ನಾನು ಅವರ ಅಕೌಂಟ್ ತೆರೆದು ಇತ್ತೀಚೆಗೆ ಎಲ್ಲಿಂದ ಲಾಗಿನ್ ಆಗಿದೆ ಅಂತ ತೋರಿಸುವ ಪುಟಕ್ಕೆ ಹೋದೆ. ಅಲ್ಲಿ ಒಂದು ಐಪಿ ನಂಬರ್ ಇತ್ತು, ಸಮಯ ಬೆಳಗಿನ ಜಾವ 5 ಗಂಟೆ 10 ನಿಮಿಷ. ಲುಕಪ್‌ಗೆ ಹಾಕಿದೆ. ಪಿನ್ ಚೆನ್ನೈ ಮೇಲೆ ನಿಂತಿತು.

“ಚೆನ್ನೈನಿಂದ ನೋಡಿದ್ದಾರೆ ಯಜಮಾನ್ರೇ” ಅಂದೆ.

ಅವರ ಲೆಕ್ಕ ಬರೆಯುತ್ತಿದ್ದ ಹುಡುಗನ ಅಣ್ಣ ಚೆನ್ನೈನಲ್ಲಿ ಕೆಲಸಕ್ಕಿದ್ದ. ಹುಡುಗ ಹಿಂದಿನ ವಾರವಷ್ಟೇ ಅಲ್ಲಿಗೆ ಹೋಗಿ ಬಂದಿದ್ದ. ಯಜಮಾನರು ಹೆಚ್ಚು ಮಾತಾಡಲಿಲ್ಲ, ಎದ್ದು ಹೋದರು. ಅವತ್ತು ಸಂಜೆಯೇ ಅವನನ್ನು ಕೆಲಸದಿಂದ ಬಿಡಿಸಿದರು. ನಾನು ಆ ಮಾತು ಹೇಳುವಾಗ ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಅರ್ಜಿ ಹಾಕಲು ಬಂದಿದ್ದ ಇಬ್ಬರು ಕಾಲೇಜು ಹುಡುಗಿಯರು, ಟೀ ತಂದಿದ್ದ ಹುಡುಗ, ಪಹಣಿಗೆ ಕಾದಿದ್ದ ಹಂಗಳದ ಕಡೆಯ ಒಬ್ಬ ಹಿರಿಯರು. ಚಿಕ್ಕ ಊರು. ಮೂರನೇ ದಿನಕ್ಕೆ “ಮೇಲ್ ಕದ್ದವನು” ಅಂತ ಅವನಿಗೆ ಹೆಸರು ಬಿದ್ದಿತ್ತು.

ಸುಮಾರು ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅಂಗಡಿಯ ಬ್ರಾಡ್‌ಬ್ಯಾಂಡ್ ನಿಂತುಹೋಯಿತು. ಫೋನ್‌ನ ಹಾಟ್‌ಸ್ಪಾಟ್ ಹಾಕಿಕೊಂಡು ಕೆಲಸ ಮುಂದುವರಿಸಿದೆ. ಯಾವುದೋ ಕಾರಣಕ್ಕೆ ನನ್ನದೇ ಐಪಿ ಏನು ಅಂತ ನೋಡಿದೆ. ಊಟಿ ರಸ್ತೆಯ ನನ್ನ ಅಂಗಡಿಯಲ್ಲಿ, ನನ್ನ ಮೇಜಿನ ಮುಂದೆ ಕೂತಿದ್ದ ನನ್ನನ್ನು ಅದೇ ಜಾಲತಾಣ ಚೆನ್ನೈನಲ್ಲಿ ತೋರಿಸಿತು. ಇನ್ನೊಂದು ಲುಕಪ್ ತೆರೆದೆ, ಬೆಂಗಳೂರು. ಮೂರನೆಯದಕ್ಕೆ ಊರೇ ಗೊತ್ತಿರಲಿಲ್ಲ. ಭಾರತ ಅಂತಷ್ಟೇ ಬರೆದು ದೇಶದ ನಡುಮಧ್ಯೆ ಎಲ್ಲೋ ಪಿನ್ ಚುಚ್ಚಿತ್ತು. ಬ್ರಾಡ್‌ಬ್ಯಾಂಡ್ ವಾಪಸ್ ಬಂದ ಮೇಲೆ ಅದರಲ್ಲೂ ನೋಡಿದೆ, ಮೈಸೂರು. ಕೂತ ಕುರ್ಚಿಯಿಂದ ನಾನು ಎದ್ದಿರಲಿಲ್ಲ. ಗುಂಡ್ಲುಪೇಟೆಯ ಹೆಸರನ್ನು ಮಾತ್ರ ಒಂದೂ ಹೇಳಲಿಲ್ಲ.

ಮಾರನೇ ದಿನ ಯಜಮಾನರನ್ನು ಕರೆಸಿದೆ. ಅವರ ಫೋನಿನಲ್ಲೇ ನೋಡಿಸಿದೆ, ಅವರ ಸಿಮ್ಮೂ ಚೆನ್ನೈ ತೋರಿಸಿತು. “ಬೆಳಗಿನ ಜಾವ ಐದು ಗಂಟೆ ಹತ್ತು ನಿಮಿಷಕ್ಕೆ ಯಾರು ಮೇಲ್ ತೆಗೆದಿರಬಹುದು?” ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಆ ಹೊತ್ತಿಗೆ ದಿನಾ ನಾನೇ ನೋಡ್ತೀನಲ್ಲಪ್ಪ, ಗಾಡಿಗೆ ಲೋಡು ಹಾಕಿಸೋ ಮುಂಚೆ” ಅಂದರು.

ಗೆಳೆಯರೇ, ಆಮೇಲೆ ನಾನು ಇದರ ಬಗ್ಗೆ ಓದಿದೆ, ತಿಳಿದವರನ್ನು ಕೇಳಿದೆ. ಮೊದಲೇ ತಿಳಿದುಕೊಂಡಿರಬೇಕಿತ್ತು. ನಿಮ್ಮಲ್ಲಿ ಹಲವರಿಗೆ ಇದು ಗೊತ್ತಿರಬಹುದು, ಗೊತ್ತಿಲ್ಲದವರಿಗಾಗಿ ಬರೆಯುತ್ತೇನೆ.

ನಮಗೆ ರೂಢಿಯಾಗಿರುವ ನಂಬರುಗಳೆಲ್ಲ ಊರು ಹೇಳುವಂಥವು. 571111 ಅಂದರೆ ಗುಂಡ್ಲುಪೇಟೆ ಅಂಚೆ, 571313 ಅಂದರೆ ಚಾಮರಾಜನಗರ. ಹಳೇ ಎಸ್‌ಟಿಡಿ ಕಾಲದಲ್ಲಿ 08229 ಒತ್ತಿದರೆ ಗುಂಡ್ಲುಪೇಟೆ ಎಕ್ಸ್‌ಚೇಂಜ್, 08226 ಒತ್ತಿದರೆ ಚಾಮರಾಜನಗರ. ಹಾಗಾಗಿ ಐಪಿ ನಂಬರ್ ಕಂಡರೂ ಅದು ಯಾವುದೋ ಮನೆಯ ಬಾಗಿಲಿನ ನಂಬರ್ ಅಂತಲೇ ಮನಸ್ಸು ತಿಳಿಯುತ್ತದೆ. ಅದು ಹಾಗಲ್ಲ. ನಮ್ಮ ಡಿಪೋದ ಕೆಂಪು ಬಸ್ಸನ್ನು ನೆನೆದುಕೊಳ್ಳಿ. ಕೆಎ-10 ಎಫ್ ಅಂತ ಬೋರ್ಡು ನೋಡಿದರೆ ಇದು ಸಾರಿಗೆ ನಿಗಮದ್ದು, ಚಾಮರಾಜನಗರದಲ್ಲಿ ನೋಂದಣಿಯಾದದ್ದು ಅಂತ ಹೇಳಬಹುದು. ಆ ಬಸ್ಸು ಈ ಗಳಿಗೆಯಲ್ಲಿ ಮೈಸೂರಿನಲ್ಲಿದೆಯೋ ಸುಲ್ತಾನ್ ಬತ್ತೇರಿಯಲ್ಲಿದೆಯೋ ಬೋರ್ಡು ಹೇಳುವುದಿಲ್ಲ. ಒಳಗೆ ಕೂತವರು ಯಾರು ಅಂತ ಹೇಳುವ ಮಾತೇ ಇಲ್ಲ. ಬೆಳಗಿನ ಟ್ರಿಪ್‌ನಲ್ಲಿ ಒಬ್ಬರು, ಸಂಜೆ ಟ್ರಿಪ್‌ನಲ್ಲಿ ಇನ್ನೊಬ್ಬರು. ಅದು ತಿಳಿಯಬೇಕಾದರೆ ಬಸ್ಸಿನ ನಂಬರ್ ಜೊತೆಗೆ ತಾರೀಖು, ಟ್ರಿಪ್ಪು, ಸೀಟು ಎಲ್ಲ ಬೇಕು, ಕಂಡಕ್ಟರ್‌ನ ವೇಬಿಲ್ ಬೇಕು. ಆ ವೇಬಿಲ್ ಇರುವುದು ಇಂಟರ್‌ನೆಟ್ ಕಂಪನಿಯ ಹತ್ತಿರ. ಕಾನೂನಿನ ಪ್ರಕಾರ ಕೇಳುವವರಿಗಷ್ಟೇ ಅದನ್ನು ತೋರಿಸುತ್ತಾರೆ. ನಮ್ಮ ಲುಕಪ್ ಜಾಲತಾಣ ನೋಡುವುದು ಬಸ್ಸಿನ ಬೋರ್ಡನ್ನು ಮಾತ್ರ.

ಈ ನಂಬರುಗಳು ಹಂಚಿಕೆಯಾಗುವ ರೀತಿಯೇ ಹಾಗಿದೆ. ನಮ್ಮ ಭಾಗದ್ದನ್ನು ನೋಡಿಕೊಳ್ಳುವುದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಏಪಿನಿಕ್. ಭಾರತದೊಳಗೆ ಹಂಚುವುದು ನಿಕ್ಸಿ ಸಂಸ್ಥೆಯ ಕೈಕೆಳಗಿನ ಐರಿನ್. ಅವರು ಕಂಪನಿಗಳಿಗೆ ಗುಂಪು ಗುಂಪಾಗಿ ಕೊಡುತ್ತಾರೆ. ಆ ಗುಂಪನ್ನು ಯಾವ ಊರಿಗೆ ಹಾಕಬೇಕು, ಯಾವಾಗ ಬದಲಿಸಬೇಕು ಅನ್ನುವುದು ಕಂಪನಿಯ ಇಷ್ಟ. ಮೊಬೈಲ್ ಇಂಟರ್‌ನೆಟ್‌ನಲ್ಲಂತೂ ಗುಂಡ್ಲುಪೇಟೆ ಟವರ್‌ಗೆ ಸೇರಿದ ಫೋನಿನ ಡೇಟಾ ಬೆಂಗಳೂರೋ ಚೆನ್ನೈಯೋ ಯಾವುದಾದರೂ ದೊಡ್ಡ ಊರಿನ ಗೇಟ್‌ವೇ ತನಕ ಹೋಗಿ, ಅಲ್ಲಿಂದ ಹೊರಬೀಳುತ್ತದೆ. ಹೊರಗಿನವರಿಗೆ ಕಾಣುವುದು ಆ ಗೇಟ್‌ವೇಯ ನಂಬರ್. ಕೇರಳ, ತಮಿಳುನಾಡು ಎರಡೂ ಗಡಿ ಒತ್ತಿಕೊಂಡಿರುವ ನಮ್ಮ ಜಿಲ್ಲೆಯಲ್ಲಿ ಪಕ್ಕದ ರಾಜ್ಯದ ಊರಿನ ಹೆಸರು ಕಂಡರೆ ಅನುಮಾನ ಬೇಗ ಹತ್ತಿಕೊಳ್ಳುತ್ತದೆ. ಕೋಝಿಕ್ಕೋಡ್, ಕೊಯಮತ್ತೂರು ಅಂತ ಒಂದು ಮಾತು ನಮ್ಮ ಬಾಯಿಂದ ಬಂದರೆ ಸಾಕು, ಕೇಳುವವರ ಮನಸ್ಸಿನಲ್ಲಿ ಯಾವುದೋ ಮುಖ ಆಗಲೇ ಮೂಡಿರುತ್ತದೆ.

ಇನ್ನೊಂದು ವಿಷಯವಿದೆ, ಸಿಸಿಟಿವಿ ಹಾಕಿದವರಿಗೆ ಇದರ ಅನುಭವ ಆಗಿರುತ್ತದೆ. ಹಳೇ ಮಾದರಿಯ ಐಪಿ ನಂಬರುಗಳು ಒಟ್ಟು ಸುಮಾರು 429 ಕೋಟಿ. ಜಗತ್ತಿನ ಮುಖ್ಯ ದಾಸ್ತಾನು 2011ರ ಫೆಬ್ರವರಿ 3ಕ್ಕೆ ಮುಗಿಯಿತು, ಅದೇ ವರ್ಷ ಏಪ್ರಿಲ್‌ನಲ್ಲಿ ಏಷ್ಯಾ-ಪೆಸಿಫಿಕ್‌ನ ಕಣಜವೂ ತಳ ಕಂಡಿತು. ಅದಕ್ಕೇ ಕಂಪನಿಗಳು ಒಂದೇ ನಂಬರನ್ನು ಒಂದೇ ಹೊತ್ತಿನಲ್ಲಿ ಹತ್ತಾರು, ನೂರಾರು ಗ್ರಾಹಕರಿಗೆ ಹಂಚುತ್ತವೆ. ಅಂಗಡಿಯ ಕ್ಯಾಮೆರಾ ಮನೆಯಲ್ಲಿ ಮೊಬೈಲ್‌ನಲ್ಲಿ ಬರುತ್ತಿಲ್ಲ ಅಂತ ಗಿರಾಕಿ ಬಂದಾಗ ರೂಟರ್ ತೆರೆದು ವ್ಯಾನ್ ಐಪಿ ನೋಡಿ. 100.64ರಿಂದ 100.127ರವರೆಗಿನ ಸಾಲಿನ ನಂಬರ್ ಇದ್ದು, ಲುಕಪ್ ಜಾಲತಾಣ ಬೇರೆಯದನ್ನು ತೋರಿಸಿದರೆ ಅವರಿಗೆ ಸ್ವಂತ ನಂಬರ್ ಇಲ್ಲ, ಹಂಚಿಕೆಯ ನಂಬರ್ ಅಂತ ಅರ್ಥ. ಬಸ್ಸಿನ ಮಾತಿಗೆ ಬಂದರೆ, ಇಲ್ಲಿ ಸೀಟು ನಂಬರಿನ ಜಾಗದಲ್ಲಿರುವುದು ಪೋರ್ಟ್ ನಂಬರ್. ಅದೂ ಇಲ್ಲದೆ ಸಮಯವೂ ಸರಿಯಿಲ್ಲದೆ ಬರೀ ಐಪಿ ಹಿಡಿದು ಹೊರಟರೆ ಪೊಲೀಸರಿಗೂ ಆ ನೂರು ಮನೆಗಳಲ್ಲಿ ಯಾವುದು ಅಂತ ತಿಳಿಯುವುದು ಕಷ್ಟ. ಹೊಸ ಮಾದರಿಯ ಐಪಿ ಆರನೇ ಆವೃತ್ತಿಯಲ್ಲಿ ನಂಬರಿಗೆ ಬರವಿಲ್ಲ, ಹಂಚಿಕೊಳ್ಳುವ ಅಗತ್ಯವೂ ಇಲ್ಲ. ಊರಿನ ಹೆಸರಿನ ಗೊಂದಲ ಮಾತ್ರ ಅಲ್ಲೂ ಇದೆ.

ಸಮಯ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸರ್ವರ್‌ಗಳು ಹೆಚ್ಚಾಗಿ ಯುಟಿಸಿ ಅನ್ನುವ ಜಾಗತಿಕ ಸಮಯ ಬರೆಯುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಲಾಗ್‌ನಲ್ಲಿ 14ನೇ ತಾರೀಖು ರಾತ್ರಿ 9 ಗಂಟೆ 40 ನಿಮಿಷ ಅಂತಿದ್ದರೆ ಅದು ನಮ್ಮ ಲೆಕ್ಕದಲ್ಲಿ 15ರ ಬೆಳಗಿನ ಜಾವ 3 ಗಂಟೆ 10 ನಿಮಿಷ. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುವ ಊರಿನವರು ನಾವು. ಹೊತ್ತು ತಪ್ಪಿದರೆ ರಸ್ತೆಯಲ್ಲಿ ಇರುವವರೇ ಬೇರೆ ಅನ್ನುವುದು ನಮಗೆ ಗೊತ್ತಿಲ್ಲದ್ದೇನಲ್ಲ.

ಇದೆಲ್ಲ ಸಣ್ಣ ಅಂಗಡಿಯವರ ತಪ್ಪು, ದೊಡ್ಡವರಿಗೆ ಹೀಗಾಗುವುದಿಲ್ಲ ಅಂದುಕೊಳ್ಳಬೇಡಿ. 2007ರ ಆಗಸ್ಟ್ ಕೊನೆಯಲ್ಲಿ ಪುಣೆ ಪೊಲೀಸರು ಬೆಂಗಳೂರಿಗೆ ಬಂದು ಒಬ್ಬ ಯುವ ಸಾಫ್ಟ್‌ವೇರ್ ಉದ್ಯೋಗಿಯನ್ನು ಬಂಧಿಸಿದರು. ಆರ್ಕುಟ್ ಅನ್ನುವ ಆಗಿನ ಸಾಮಾಜಿಕ ಜಾಲತಾಣದಲ್ಲಿ ಶಿವಾಜಿ ಮಹಾರಾಜರನ್ನು ಅವಹೇಳನ ಮಾಡುವ ಚಿತ್ರ ಹಾಕಿದ್ದಾನೆ ಅನ್ನುವುದು ಆರೋಪ. ಆಧಾರ ಒಂದು ಐಪಿ ಅಡ್ರೆಸ್. ಇಂಟರ್‌ನೆಟ್ ಕಂಪನಿ ಆ ಐಪಿಗೆ ಕೊಟ್ಟ ಗ್ರಾಹಕರ ವಿವರವೇ ತಪ್ಪಾಗಿತ್ತು. ಅದು ಆ ಉದ್ಯೋಗಿಯ ಐಪಿಯೇ ಆಗಿರಲಿಲ್ಲ. ಇದು ತಿಳಿದು ಅವರು ಹೊರಬರುವ ಹೊತ್ತಿಗೆ ಯರವಡಾ ಜೈಲಿನಲ್ಲಿ 50 ದಿನ ಕಳೆದಿದ್ದರು. ವೇಬಿಲ್ ಕೈಯಲ್ಲಿದ್ದವರೇ ತಪ್ಪು ಸೀಟು ತೋರಿಸಿದರೆ ಹೀಗಾಗುತ್ತದೆ. ಬರೀ ಬೋರ್ಡು ನೋಡುವ ನಾವು ಎಷ್ಟು ಎಚ್ಚರದಿಂದಿರಬೇಕು ನೋಡಿ.

ನಕಾಶೆಯ ಪಿನ್‌ನಿಂದಲೇ ಆದ ಅನಾಹುತ ಅಮೆರಿಕದ ಕಾನ್ಸಾಸ್ ರಾಜ್ಯದ್ದು. ಪಾಟ್ವಿನ್ ಅನ್ನುವ ಸಣ್ಣ ಊರಿನ ಹತ್ತಿರ ಒಂದು ತೋಟದ ಮನೆ. ವರ್ಷಗಟ್ಟಲೆ ಆ ಮನೆಯ ಬಾಗಿಲಿಗೆ ಪೊಲೀಸರು, ಎಫ್‌ಬಿಐನವರು, ತೆರಿಗೆಯವರು, ಆಂಬುಲೆನ್ಸ್, ಸಿಟ್ಟಾದ ಅಪರಿಚಿತರು ಬರುತ್ತಲೇ ಇದ್ದರು. ಕದ್ದ ಫೋನು ನಿಮ್ಮಲ್ಲಿದೆ, ಮೋಸದ ಮೇಲ್ ನಿಮ್ಮ ಮನೆಯಿಂದ ಬಂದಿದೆ ಅನ್ನುತ್ತಿದ್ದರು. ಮನೆಯವರಿಗೆ ಯಾಕೆ ಅಂತಲೇ ತಿಳಿಯದು. 2016ರಲ್ಲಿ ಕಶ್ಮೀರ್ ಹಿಲ್ ಅನ್ನುವ ಪತ್ರಕರ್ತೆ ಕಾರಣ ಹುಡುಕಿದರು. ಐಪಿಗೆ ಊರು ಹೇಳುವ ಮ್ಯಾಕ್ಸ್‌ಮೈಂಡ್ ಕಂಪನಿ, ಅಮೆರಿಕದ್ದು ಅಂತಷ್ಟೇ ಗೊತ್ತಿದ್ದು ಊರು ತಿಳಿಯದ ಐಪಿಗಳಿಗೆಲ್ಲ ದೇಶದ ನಡುವಿನ ಒಂದು ಬಿಂದುವನ್ನು ಗುರುತು ಹಾಕಿಟ್ಟಿತ್ತು. ಲೆಕ್ಕ ಸುಲಭವಾಗಲಿ ಅಂತ 38 ಅಕ್ಷಾಂಶ, 97 ರೇಖಾಂಶ ಅಂತ ಪೂರ್ಣಾಂಕ ಮಾಡಿತ್ತು. ಆ ಬಿಂದು ಬಿದ್ದದ್ದು ಈ ಮನೆಯ ಅಂಗಳದ ಹತ್ತಿರ. 60 ಕೋಟಿಗೂ ಹೆಚ್ಚು ಐಪಿ ಅಡ್ರೆಸ್‌ಗಳು ಆ ಒಂದು ತೋಟದ ಮನೆಗೆ ಅಂಟಿಕೊಂಡಿದ್ದವು. ಸುದ್ದಿಯಾದ ಮೇಲೆ ಕಂಪನಿ ಆ ಗುರುತನ್ನು ಒಂದು ಜಲಾಶಯದ ನಡುವೆ ಸರಿಸಿತು.

ಅಂದರೆ ಈ ಲುಕಪ್‌ಗಳೆಲ್ಲ ಬೇಡವೇ? ಬೇಕು. ನಾನು ಈಗಲೂ ದಿನವೂ ಬಳಸುತ್ತೇನೆ. ಅದರಲ್ಲೂ ಹೂಈಸ್ ಅನ್ನುವ ಹಳೇ ವ್ಯವಸ್ಥೆ ತುಂಬ ಪ್ರಯೋಜನದ್ದು, 1980ರ ದಶಕದಿಂದ ಇದೆ. ಏಪಿನಿಕ್‌ನ ಹೂಈಸ್‌ಗೆ ಒಂದು ಐಪಿ ಹಾಕಿದರೆ ಅದು ನಕಾಶೆ ತೋರಿಸುವುದಿಲ್ಲ. ಈ ನಂಬರಿನಿಂದ ಈ ನಂಬರಿನವರೆಗಿನ ಸಾಲು ಇಂಥ ಕಂಪನಿಯದು, ದುರ್ಬಳಕೆಯಾದರೆ ಈ ಮೇಲ್‌ಗೆ ದೂರು ಬರೆಯಿರಿ ಅಂತ ಹೇಳುತ್ತದೆ. ಅಷ್ಟನ್ನು ನಂಬಬಹುದು. ಐಪಿ ಮೊಬೈಲ್ ಕಂಪನಿಯದೋ, ಬಾಡಿಗೆ ಸರ್ವರ್ ಕೊಡುವವರದೋ ಅಂತ ತಿಳಿದರೆ ಬಹಳ ಸಲ ಅರ್ಧ ಉತ್ತರ ಸಿಕ್ಕಂತೆ. ಸರ್ಕಾರಿ ಪೋರ್ಟಲ್ ತೆರೆಯದಿದ್ದಾಗ ಗಿರಾಕಿಯ ಫೋನಿನಲ್ಲಿ ವಿಪಿಎನ್ ಆನ್ ಆಗಿ ಹೊರದೇಶದ ಐಪಿ ಬರುತ್ತಿದೆಯೇ ಅಂತ ನೋಡಲು ಲುಕಪ್ ಒಳ್ಳೆಯದು. ದೇಶ ಯಾವುದು ಅನ್ನುವ ಪ್ರಶ್ನೆಗೆ ಅವು ಹೆಚ್ಚಾಗಿ ಸರಿ ಉತ್ತರ ಕೊಡುತ್ತವೆ. ಊರು ಯಾವುದು ಅನ್ನುವುದು ಅಂದಾಜು. ಮನೆ ಯಾವುದು, ಯಾರು ಅನ್ನುವುದು ಅವುಗಳಿಗೆ ಗೊತ್ತೇ ಇಲ್ಲ.

ಮೇಲ್‌ನ ಪೂರ್ತಿ ಹೆಡರ್ ತೆಗೆದು ಅದರಲ್ಲಿನ ಐಪಿ ನೋಡುವವರಿಗೂ ಒಂದು ಮಾತು. ಜಿಮೇಲ್‌ನ ಜಾಲತಾಣದಿಂದ ಕಳಿಸಿದ ಮೇಲ್‌ನಲ್ಲಿ ಕಳಿಸಿದವರ ಐಪಿ ಇರುವುದಿಲ್ಲ, ಗೂಗಲ್‌ನ ಸರ್ವರ್‌ನದು ಇರುತ್ತದೆ. ಅದನ್ನು ಲುಕಪ್‌ಗೆ ಹಾಕಿದರೆ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಬರಬಹುದು. ಬೆದರಿಕೆ ಅಮೆರಿಕದಿಂದ ಬಂದಿದೆ ಅಂತ ಹೆದರಿದವರನ್ನು ಇನ್ನಷ್ಟು ಹೆದರಿಸಬೇಡಿ. ಲಿಂಕ್ ಕಳಿಸಿ ಕ್ಲಿಕ್ ಮಾಡಿದವರ ಐಪಿ ಹಿಡಿಯುವ ಉಪಾಯವನ್ನೂ ಹುಡುಗರು ಕೇಳುತ್ತಾರೆ. ದಯವಿಟ್ಟು ಕಲಿಸಬೇಡಿ. ಇನ್ನೊಬ್ಬರಿಗೆ ಬಲೆ ಒಡ್ಡುವ ಕೆಲಸ ನಮ್ಮದಲ್ಲ. ಟೆಲಿಗ್ರಾಂ, ಫೇಸ್‌ಬುಕ್ ಮೊದಲಾದ ಕಡೆ ಆ ಲಿಂಕನ್ನು ಮೊದಲು ತೆರೆಯುವುದು ಅವರ ಕಂಪನಿಯ ಸರ್ವರೇ ಆಗಿರುವುದರಿಂದ ಬಲೆಗೆ ಮೊದಲು ಬೀಳುವ ಐಪಿಯೂ ಬೇರೆಯದೇ.

ಹಾಗಾದರೆ ಕಷ್ಟ ಹೇಳಿಕೊಂಡು ಬಂದವರಿಗೆ ಏನು ಮಾಡೋಣ? ದುಡ್ಡು ಹೋಗಿದ್ದರೆ ಐಪಿ ಹುಡುಕುತ್ತ ಕೂರುವ ಒಂದೊಂದು ನಿಮಿಷವೂ ನಷ್ಟ. ಮೊದಲು 1930ಕ್ಕೆ ಫೋನ್ ಹಚ್ಚಿ ಅವರ ಕೈಗೆ ಕೊಡಿ. ಕಳ್ಳರ ಖಾತೆಯಿಂದ ದುಡ್ಡು ಮುಂದೆ ಸಾಗುವ ಮೊದಲೇ ತಡೆಯುವುದಕ್ಕೆ ಅಂತಲೇ ಆ ನಂಬರ್ ಇರುವುದು. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ತುಂಬಿಸಿ. ಅರ್ಜಿ ತುಂಬುವುದರಲ್ಲಿ ನಮ್ಮನ್ನು ಮೀರಿಸಿದವರು ಈ ಜಿಲ್ಲೆಯಲ್ಲಿ ಇಲ್ಲ, ಆ ಕೈಚಳಕ ಇಲ್ಲಿ ಉಪಯೋಗಕ್ಕೆ ಬರಲಿ. ಫೇಕ್ ಅಕೌಂಟ್, ಬೆದರಿಕೆ ಇಂಥದ್ದಾದರೆ ಚಾಮರಾಜನಗರದ ಸಿಇಎನ್ ಅನ್ನುವ ಸೈಬರ್ ಅಪರಾಧ ಠಾಣೆಗೆ ಹೋಗಬೇಕು. ಹೋಗುವ ಮೊದಲು ಏನೇನು ಜೋಡಿಸಿಕೊಳ್ಳಬೇಕು ಅನ್ನುವುದರಲ್ಲಿ ನಮ್ಮ ಕೆಲಸ ಬಹಳ ಇದೆ. ಸ್ಕ್ರೀನ್‌ಶಾಟ್‌ನಲ್ಲಿ ಅಕೌಂಟಿನ ಪೂರ್ತಿ ಲಿಂಕ್ ಕಾಣಬೇಕು, ತಾರೀಖು ಮತ್ತು ಸಮಯ ಕಾಣಬೇಕು. ಸಮಯ ಯುಟಿಸಿಯೋ ನಮ್ಮದೋ ಅಂತ ಪಕ್ಕದಲ್ಲಿ ಬರೆದಿಡಬೇಕು. ಮೇಲ್ ಆದರೆ ಫಾರ್ವರ್ಡ್ ಮಾಡಿದರೆ ಸಾಲದು, ಪೂರ್ತಿ ಹೆಡರ್ ಸಮೇತ ಪ್ರಿಂಟ್ ಬೇಕು, ಮೂಲ ಮೇಲ್ ಅಳಿಸಬಾರದು. ಮುಂದೆ ಕೋರ್ಟಿಗೆ ಹೋದರೆ ಇಂಥ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಕೇಳುತ್ತಾರೆ, ಹಿಂದೆ 65ಬಿ ಅನ್ನುತ್ತಿದ್ದದ್ದು. ಯಾವ ಕಂಪ್ಯೂಟರಿನಿಂದ, ಯಾರು, ಯಾವತ್ತು ಪ್ರಿಂಟ್ ತೆಗೆದರು ಅಂತ ನೀವೊಂದು ಪುಸ್ತಕದಲ್ಲಿ ಬರೆದಿಟ್ಟಿದ್ದರೆ ಅವತ್ತು ಅದು ನೆರವಿಗೆ ಬರುತ್ತದೆ. ಇಂಟರ್‌ನೆಟ್ ಕಂಪನಿಗಳು ಗ್ರಾಹಕರ ದಾಖಲೆಯನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕು ಅಂತ 2021ರ ಡಿಸೆಂಬರ್‌ನಲ್ಲಿ ನಿಯಮ ಬದಲಾಗಿದೆ. ತಡಮಾಡಿದಷ್ಟೂ ದಾರಿ ಮುಚ್ಚುತ್ತ ಹೋಗುತ್ತದೆ ಅಂತ ಬಂದವರಿಗೆ ತಿಳಿಸಿ.

“ಯಾರು ಅಂತ ನೀವೇ ಹೇಳಿ” ಅಂತ ಅವರು ಪಟ್ಟು ಹಿಡಿಯುತ್ತಾರೆ. ನನಗೂ ಹಿಡಿದಿದ್ದಾರೆ. ಆಗ ನಾನು ಅವರನ್ನು ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಅವರದೇ ಫೋನಿನ ಐಪಿಯನ್ನು ಮೂರು ಲುಕಪ್‌ಗಳಲ್ಲಿ ಹಾಕಿ ತೋರಿಸುತ್ತೇನೆ. “ಈಗ ನೀವು ಎಲ್ಲಿದ್ದೀರಿ?” ಅಂತ ಕೇಳುತ್ತೇನೆ. ಮೂರು ಊರಿನ ಹೆಸರು ನೋಡಿ ಸುಮ್ಮನಾಗುತ್ತಾರೆ. ಹೋದ ತಿಂಗಳು ಬೇಗೂರು ಕಡೆಯ ಒಬ್ಬ ತಾಯಿ ಆ ಪರದೆಯನ್ನು ಬಹಳ ಹೊತ್ತು ನೋಡಿ, “ಹಂಗಾರೆ ಪಕ್ಕದ ಮನೆಯವನಲ್ಲ ಅಂತೀರಾ?” ಅಂದರು. ಅಲ್ಲ ಅಂತಲೂ ಇದು ಹೇಳುವುದಿಲ್ಲಮ್ಮ, ಹೌದು ಅಂತಲೂ ಹೇಳುವುದಿಲ್ಲ, ಠಾಣೆಗೆ ಹೋಗೋಣ ಬನ್ನಿ ಅಂದೆ.

ಲೆಕ್ಕ ಬರೆಯುತ್ತಿದ್ದ ಹುಡುಗನ ಮಾತು ಉಳಿದಿದೆ. ನಾನೂ ಯಜಮಾನರೂ ತೆರಕಣಾಂಬಿ ರಸ್ತೆಯಲ್ಲಿರುವ ಅವನ ಊರಿಗೆ ಹೋದೆವು. ಅವನು ಆಗಲೇ ಮೈಸೂರಿನಲ್ಲಿ ಒಂದು ಹೋಟೆಲಿಗೆ ಕೆಲಸಕ್ಕೆ ಸೇರಿದ್ದ. ಮನೆಯಲ್ಲಿ ಅವನ ತಾಯಿ ಇದ್ದರು. ಯಜಮಾನರು ತಪ್ಪಾಯಿತು ಅಂದರು, ವಾಪಸ್ ಕಳಿಸಿ ಅಂದರು. ಆಕೆ ಮಜ್ಜಿಗೆ ತಂದು ಮುಂದಿಟ್ಟರು. ಸಿಟ್ಟಿನ ಮಾತು ಒಂದೂ ಆಡಲಿಲ್ಲ. ನನ್ನ ಕಡೆ ತಿರುಗಿ, “ನೀವು ಅಂಗಡೀಲಿ ಹೇಳ್ದಾಗ ಎಷ್ಟು ಜನ ಇದ್ರಪ್ಪ?” ಅಂತ ಕೇಳಿದರು. ನಾಲ್ಕು ಜನ ಅಂದೆ. “ಅವ್ರಿಗೆ ಹೇಳ್ಬುಡಿ, ನನ್ ಮಗ ಅಲ್ಲ ಅಂತ” ಅಂದರು.

ಇಬ್ಬರು ಹುಡುಗಿಯರನ್ನು ಕಾಲೇಜಿನ ಹತ್ತಿರ ಹುಡುಕಿ ಹೇಳಿದ್ದೇನೆ. ಟೀ ಹುಡುಗನಿಗೂ ಹೇಳಿದ್ದೇನೆ. ಪಹಣಿಗೆ ಬಂದಿದ್ದ ಹಂಗಳದ ಕಡೆಯ ಹಿರಿಯರು ಮಾತ್ರ ಮತ್ತೆ ನನ್ನ ಅಂಗಡಿಗೆ ಬಂದಿಲ್ಲ. ಅವರ ಹೆಸರು ನನಗೆ ಗೊತ್ತಿಲ್ಲ. ಬಿಳಿ ಶರಟು, ಹೆಗಲ ಮೇಲೆ ನೀಲಿ ಅಂಚಿನ ಟವೆಲ್, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿದ್ದರು. ನಿಮ್ಮಲ್ಲಿ ಯಾರ ಅಂಗಡಿಗಾದರೂ ಪಹಣಿಗೋ ಬೆಳೆ ವಿಮೆಗೋ ಬಂದರೆ, ಗುಂಡ್ಲುಪೇಟೆಯ ಆ ಅಂಗಡಿಯಲ್ಲಿ ಅವತ್ತು ಕೇಳಿದ ಮಾತು ತಪ್ಪು, ಆ ಹುಡುಗ ಏನೂ ಮಾಡಿರಲಿಲ್ಲ ಅಂತ ನನ್ನ ಪರವಾಗಿ ಅವರಿಗೆ ತಿಳಿಸಿ.

ಇಂತಿ ನಿಮ್ಮವನೇ ಆದ,
ಗುಂಡ್ಲುಪೇಟೆ ಊಟಿ ರಸ್ತೆಯ ಒಬ್ಬ ಸೈಬರ್ ಸೆಂಟರ್‌ನವನು